ಕಂಬಳಿ ಮನೆ ಯಾಕೆ ಬೀಳುತ್ತೆ?

ಶೃಂಗೇರಿಯಿಂದ ಕೆರೆಕಟ್ಟೆ ಕಡೆ ಹೊರಟರೆ ತುಂಗೆಯ ದಡದಲ್ಲೇ ಸಿಗುವ ಊರು ನೆಮ್ಮಾರ್. ಜುಲೈನಲ್ಲಿ ಅಲ್ಲಿ ಮಳೆ ಹಿಡಿದರೆ ಬಿಡುವ ಮಾತಿಲ್ಲ. ಶಾಲೆಗೆ ಮಳೆ ರಜೆ, ಕರೆಂಟಿಗೆ ಅದರದ್ದೇ ರಜೆ, ಮೊಬೈಲ್ ನೆಟ್‌ವರ್ಕೂ ಅದರ ಹಿಂದೆಯೇ. ಮನೆಯಲ್ಲಿ ಇಬ್ಬರು ಮೂವರು ಮಕ್ಕಳಿದ್ದರಂತೂ ಮಧ್ಯಾಹ್ನದ ಹೊತ್ತಿಗೆ ಒಂದು ಕಂಬಳಿ ಮನೆ ಎದ್ದೇ ಏಳುತ್ತದೆ. ಎರಡು ಕುರ್ಚಿ, ಮೇಲೊಂದು ಹೊದಿಕೆ, ಅದು ಜಾರದ ಹಾಗೆ ನಾಲ್ಕು ಪುಸ್ತಕ. ಹತ್ತು ನಿಮಿಷಕ್ಕೆ ದಬಕ್ಕನೆ ಬೀಳುತ್ತದೆ. ಆಗ ನೆನಪಾಗುವುದು ರಜೆಗೆ ಬಂದಿರುವ ಇಂಜಿನಿಯರಿಂಗ್ ಅಣ್ಣ, ಅಕ್ಕ. ನಮ್ಮ ಮರ್ಯಾದೆ ಉಳಿಯಬೇಕಲ್ಲ, ಅದಕ್ಕೇ ಈ ಬರಹ.

ಕಂಬಳಿಗೆ ಎಳೆಯಲು ಬರುತ್ತದೆ, ತಳ್ಳಲು ಬರುವುದಿಲ್ಲ. ಇಷ್ಟು ಗೊತ್ತಾದರೆ ಮಿಕ್ಕಿದ್ದೆಲ್ಲ ಸುಲಭ. ಕುರ್ಚಿಗಳ ಮೇಲೆ ಹಾಸಿದ ಕಂಬಳಿ ತನ್ನ ಭಾರಕ್ಕೆ ಜೋತು ಎರಡನ್ನೂ ಒಳಗೆ ಎಳೆಯುತ್ತಿರುತ್ತದೆ. ಪ್ಲಾಸ್ಟಿಕ್ ಕುರ್ಚಿ ಹಗುರ, ನೆಲ ನುಣುಪು. ಕುರ್ಚಿ ಜರುಗಿತು, ಮಾಡು ಇಳಿಯಿತು. ಹಾಗಾಗಿ ಕುರ್ಚಿ ಬಿಡಿ, ಕಂಬ ಹಿಡಿಯಿರಿ. ಹಳೇ ಮನೆಗಳ ಜಗಲಿಯಲ್ಲಿ ಮರದ ಕಂಬಕ್ಕೇನು ಬರ? ಎರಡು ಕಂಬಕ್ಕೆ ಹಗ್ಗ ಕಟ್ಟಿ ಕಂಬಳಿ ಇಳಿಬಿಟ್ಟರೆ ಅರ್ಧ ಕೆಲಸ ಮುಗಿಯಿತು.

ಹಗ್ಗ ಎಷ್ಟು ಬಿಗಿ ಇರಬೇಕು? ವೀಣೆ ತಂತಿ ಥರ ಎಳೆದು ಕಟ್ಟಬೇಕು ಅಂತಲೇ ಎಲ್ಲರಿಗೂ ಅನಿಸೋದು. ಲೆಕ್ಕ ಬೇರೆಯೇ ಹೇಳುತ್ತದೆ. ಕಂಬಗಳ ನಡುವೆ 3 ಮೀಟರ್, ಕಂಬಳಿಯ ತೂಕ 2 ಕಿಲೋ ಅಂತಿಟ್ಟುಕೊಳ್ಳಿ. ಹಗ್ಗ ನಡುವೆ 30 ಸೆಂ.ಮೀ. ಜೋತರೆ ಅದು ಕಂಬವನ್ನು ಅಡ್ಡಕ್ಕೆ ಎಳೆಯುವುದು ಎರಡೂವರೆ ಕಿಲೋ ಭಾರದಷ್ಟು. 5 ಸೆಂ.ಮೀ. ಮಾತ್ರ ಜೋತರೆ 15 ಕಿಲೋ! ತೂಕವನ್ನು ಅಂತರದಿಂದ ಗುಣಿಸಿ, ಜೋತಿನ ಎಂಟು ಪಟ್ಟಿನಿಂದ ಭಾಗಿಸಿ, ಅಷ್ಟೇ ಸೂತ್ರ. ಹಗ್ಗ ಪೂರ್ತಿ ನೇರ ನಿಲ್ಲಬೇಕಾದರೆ ಎಳೆತ ಅನಂತವಾಗಬೇಕು. ಸುಳ್ಯದ ಗಿರೀಶ್ ಭಾರದ್ವಾಜ್ ಅವರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು, ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿದರು. ತೂಗುಸೇತುವೆಯ ಮುಖ್ಯ ಕೇಬಲ್ ಹೊಟ್ಟೆ ಬಿಟ್ಟುಕೊಂಡು ಜೋತಿರುವುದು ಅಲಂಕಾರಕ್ಕಲ್ಲ, ಇದೇ ಲೆಕ್ಕಕ್ಕೆ. ನಿಮ್ಮ ಹಗ್ಗವೂ ಸ್ವಲ್ಪ ಜೋಲಲಿ.

ಗಂಟು ಬಾರದವರಿಗೊಂದು ಉಪಾಯ: ಕಂಬಕ್ಕೆ ಎರಡು ಸುತ್ತು ಹೆಚ್ಚಿಗೆ ಹಾಕಿ. ಘರ್ಷಣೆಯ ಗುಣಾಂಕ 0.3 ಇದ್ದರೆ ಒಂದು ಸುತ್ತು ಸುಮಾರು ಆರೂವರೆ ಪಟ್ಟು ಎಳೆತ ತಡೆಯುತ್ತದೆ, ಎರಡು ಸುತ್ತಿಗೆ ನಲವತ್ತು ಪಟ್ಟು ದಾಟುತ್ತದೆ. ಆಮೇಲೆ ಶೂ ಲೇಸಿನ ಗಂಟು ಹಾಕಿದರೂ ನಡೀತದೆ. ನೈಲಾನ್ ಜಾರುತ್ತದೆ, ತೆಂಗಿನ ನಾರಿನ ಹಗ್ಗ ಕಚ್ಚಿ ಹಿಡಿಯುತ್ತದೆ. ತುದಿ ಮಾತ್ರ ಕುಣಿಕೆಯಾಗಿ ಜೋತಾಡಬಾರದು, ಒಳಗೆ ನುಗ್ಗುವುದು ಪುಟ್ಟ ಮಕ್ಕಳು. ಅಂಚು ಹಿಡಿಯಲು ಭಾರ ಇಡುವುದಾದರೆ ನೆಲದ ಮೇಲೇ ಇಡಿ, ಸ್ಟೂಲಿನ ಮೇಲೆ ಬೇಡ. ಇಸ್ತ್ರಿ ಪೆಟ್ಟಿಗೆ ಬೀಳುವಾಗ ತಲೆ ಯಾರದ್ದು ಅಂತ ನೋಡುವುದಿಲ್ಲ.

ಹೊದಿಕೆ ಯಾವುದು? ನಮ್ಮ ಮತ ಕುರಿ ಉಣ್ಣೆಯ ಕರಿ ಕಂಬಳಿಗೆ. ಚುಚ್ಚುತ್ತದೆ, ನಿಜ. ಆದರೆ ಗದ್ದೆ ಕೆಲಸಕ್ಕೆ ಕಂಬಳಿ ಕೊಪ್ಪೆ ಹೊದ್ದು ಹೋಗುತ್ತಿದ್ದ ಹಿರಿಯರು ದಡ್ಡರಲ್ಲ. ಉಣ್ಣೆ ತನ್ನ ತೂಕದ ಮೂರರಲ್ಲೊಂದು ಭಾಗದಷ್ಟು ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ, ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಹತ್ತಿಯ ರಜಾಯಿ ಆ ಹವೆಗೆ ಥಂಡಿ ಹಿಡಿದು ಕೂರುತ್ತದೆ.

ಬೆಚ್ಚಗಾಗಲು ಬೇರೇನೂ ಬೇಕಿಲ್ಲ. ಸುಮ್ಮನೆ ಕೂತ ದೊಡ್ಡವರೊಬ್ಬರ ಮೈ ಸುಮಾರು 100 ವ್ಯಾಟ್ ಶಾಖ ಬಿಡುತ್ತದೆ, ಮಕ್ಕಳದ್ದು ಸ್ವಲ್ಪ ಕಡಿಮೆ. ಅಷ್ಟು ಚಿಕ್ಕ ಜಾಗಕ್ಕೆ ಮೂವರೇ ಹೀಟರ್. ಇಲ್ಲಿ ಮಾತ್ರ ನಾವು ತಮಾಷೆ ಬಿಡುತ್ತೇವೆ. ಬಚ್ಚಲೊಲೆಯ ಕೆಂಡವನ್ನು ಬಾಣಲೆಗೆ ತುಂಬಿ ಒಳಗಿಡುವ ಯೋಚನೆ ಯಾರಿಗಾದರೂ ಬಂದರೆ ಅಲ್ಲೇ ತಡೆಯಿರಿ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮಕ್ಕಳು ನಿದ್ದೆ ಹೋದರು ಅಂತ ನಾವು ಅಂದುಕೊಳ್ಳುತ್ತೇವೆ. ಸೊಳ್ಳೆ ಕಾಯಿಲ್, ಮೇಣದಬತ್ತಿ, ಚಿಮಣಿ ದೀಪ ಯಾವುದೂ ಒಳಗೆ ಬೇಡ, ಬ್ಯಾಟರಿ ಟಾರ್ಚ್ ಸಾಕು. ಚಾರ್ಜಿಗಿಟ್ಟ ಫೋನ್ ಕೂಡ ಕಂಬಳಿಯಿಂದ ಹೊರಗೇ ಇರಲಿ. ಮೇಲೆ ಹಗ್ಗದ ಹತ್ತಿರ ಒಂದು ಗೇಣು ತೆರೆದಿಡಿ, ಕೆಳಗೆ ಬಾಗಿಲ ಕಡೆ ಇನ್ನೊಂದು ಗೇಣು. ಬಿಸಿ ಗಾಳಿ ಮೇಲಿಂದ ಹೋಗುತ್ತದೆ, ಹೊಸ ಗಾಳಿ ಕೆಳಗಿಂದ ಬರುತ್ತದೆ. ಸ್ವಲ್ಪ ಬೆಚ್ಚಗಿರೋದು ಕಡಿಮೆಯಾಗುತ್ತೆ, ಆಗಲಿ ಬಿಡಿ.

ಹಲಸಿನ ಹಪ್ಪಳ ಒಳಗೆ ಒಯ್ಯಬೇಕೋ ಬೇಡವೋ ಎಂಬುದು ಅಜ್ಜಿಗೆ ಬಿಟ್ಟ ವಿಷಯ. ಕತ್ತಲಾಗುವ ಮೊದಲು ಹಗ್ಗವನ್ನು ಮರೆಯದೆ ಬಿಚ್ಚಿಡಿ. ಕರೆಂಟಿಲ್ಲದ ಜಗಲಿಯಲ್ಲಿ ಅದು ಇರುವುದು ಸರಿಯಾಗಿ ಅಜ್ಜನ ಕುತ್ತಿಗೆಯ ಎತ್ತರಕ್ಕೆ.