ಮೂರು ಚಕ್ರದ ವಿಚಿತ್ರ ಕಾರು: ಮಾದರಿ ಮಾಡಿ, ವಿಜ್ಞಾನ ಕಲಿಯಿರಿ

ರಸಾಯನಶಾಸ್ತ್ರ ಓದುವ ವಿದ್ಯಾರ್ಥಿಗಳಿಗೆ ಫುಲ್ಲರೀನ್ ಎಂಬ ಇಂಗಾಲದ ರೂಪ ಗೊತ್ತು. 1985ರಲ್ಲಿ ಪತ್ತೆಯಾದ ಅದಕ್ಕೆ ಆ ಹೆಸರು ಬಂದದ್ದು ಅಮೆರಿಕದ ವಿನ್ಯಾಸಕಾರ ಬಕ್‌ಮಿನ್‌ಸ್ಟರ್ ಫುಲ್ಲರ್ ಅವರಿಂದ. ಗೋಳಾಕಾರದ ಗುಮ್ಮಟಗಳಿಗೆ ಹೆಸರಾದ ಅವರು ಒಂದು ಕಾಲಕ್ಕೆ ಕಾರನ್ನೂ ತಯಾರಿಸಿದ್ದರು! ಅದರ ಹೆಸರು ಡೈಮ್ಯಾಕ್ಸಿಯನ್.

1933ರಲ್ಲಿ ಅಮೆರಿಕದ ಬ್ರಿಜ್‌ಪೋರ್ಟ್‌ನಲ್ಲಿ ಸಿದ್ಧವಾದ ಈ ಕಾರು ಸುಮಾರು 20 ಅಡಿ ಉದ್ದವಿತ್ತು. ಆಕಾರ ನೀರಿನ ಹನಿಯಂತೆ: ಮುಂದೆ ದುಂಡು, ಹಿಂದೆ ಚೂಪು. ಚಕ್ರಗಳು ಮೂರೇ. ನಮ್ಮ ಆಟೋರಿಕ್ಷಾವನ್ನು ಹಿಂದುಮುಂದಾಗಿ ಓಡಿಸಿದಂತೆ ಎರಡು ಚಕ್ರ ಮುಂದೆ, ಒಂದು ಹಿಂದೆ. ಎಂಜಿನ್ ಹಿಂಭಾಗದಲ್ಲಿದ್ದರೂ ಮುಂದಿನ ಚಕ್ರಗಳನ್ನು ಓಡಿಸುತ್ತಿತ್ತು. ಸ್ಟಿಯರಿಂಗ್ ತಿರುಗಿಸಿದರೆ ತಿರುಗುತ್ತಿದ್ದುದು ಹಿಂದಿನ ಚಕ್ರ. ಹೀಗಾಗಿ ತನ್ನ ಉದ್ದದಷ್ಟೇ ಜಾಗದಲ್ಲಿ ಅದು ಸುತ್ತು ಹಾಕಬಲ್ಲದಾಗಿತ್ತು.

ತಯಾರಾದದ್ದು ಮೂರೇ ಕಾರುಗಳು. ಅವುಗಳಲ್ಲಿ ಎರಡನೆಯದು ಮಾತ್ರ ಉಳಿದು ನೆವಾಡಾದ ರೀನೋ ನಗರದ ಮೋಟಾರು ವಸ್ತುಸಂಗ್ರಹಾಲಯ ಸೇರಿದೆ. ಅದನ್ನು ಅಭ್ಯಸಿಸಿ ಬ್ರಿಟಿಷ್ ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ 2010ರಲ್ಲಿ ಪೂರ್ಣ ಗಾತ್ರದ ಪ್ರತಿಕೃತಿಯನ್ನು ಮಾಡಿಸಿದರು. ನಮಗೆ ಅಷ್ಟು ದೊಡ್ಡದು ಬೇಡ. 1:20 ಪ್ರಮಾಣದ್ದು ಸಾಕು.

ಈ ಪ್ರಮಾಣದಲ್ಲಿ 20 ಅಡಿಯ ಕಾರು ಸರಿಯಾಗಿ ಒಂದು ಅಡಿಯಾಗುತ್ತದೆ. ಐದೂವರೆ ಅಡಿಯ ಮನುಷ್ಯ 3.3 ಅಂಗುಲ. ರಟ್ಟಿನ ಅಂಥದೊಂದು ಗೊಂಬೆಯನ್ನು ಪಕ್ಕದಲ್ಲಿ ನಿಲ್ಲಿಸಿದರೆ ಕಾರಿನ ಗಾತ್ರ ತಟ್ಟನೆ ಅರ್ಥವಾಗುತ್ತದೆ. ಆದರೆ ತೂಕ? ಉದ್ದ 20 ಪಟ್ಟು ಕಡಿಮೆಯಾದರೆ ಮೇಲ್ಮೈ 400 ಪಟ್ಟು, ಗಾತ್ರ 8000 ಪಟ್ಟು ಕಡಿಮೆಯಾಗುತ್ತದೆ. ಒಂದು ಟನ್ನಿನ ವಾಹನವನ್ನು ಅದೇ ಸಾಮಗ್ರಿಯಿಂದ ಇದೇ ಪ್ರಮಾಣಕ್ಕೆ ಇಳಿಸಿದರೆ ತೂಕ ಕೇವಲ 125 ಗ್ರಾಂ!

ಫುಲ್ಲರ್ ಜೊತೆಗಾರ ಸ್ಟಾರ್ಲಿಂಗ್ ಬರ್ಜೆಸ್ ದೋಣಿ, ಹಡಗುಗಳ ವಿನ್ಯಾಸಕಾರ. ಮರದ ಚೌಕಟ್ಟು, ಮೇಲೆ ಅಲ್ಯೂಮಿನಿಯಂ ತಗಡು ಇದ್ದ ಕಾರನ್ನು ದೋಣಿಯಂತೆಯೇ ಕಟ್ಟಲಾಯಿತು. ನಾವೂ ಹಾಗೆಯೇ ಮಾಡಬಹುದು. ಕಾರಿನ ಚಿತ್ರಗಳನ್ನು ನೋಡಿ ಪ್ರತಿ ಅಂಗುಲಕ್ಕೊಂದರಂತೆ ಅಡ್ಡ ಸೀಳಿಕೆಯ ಆಕಾರ ಬರೆದು ರಟ್ಟಿನಲ್ಲಿ ಕತ್ತರಿಸಿ. ಬೆನ್ನೆಲುಬಿನಂಥ ಒಂದು ಪಟ್ಟಿಗೆ ಅವನ್ನು ಪಕ್ಕೆಲುಬುಗಳಂತೆ ಜೋಡಿಸಿ. ಮೇಲೆ ಕಾಗದದ ಪಟ್ಟಿಗಳನ್ನು ಅಂಟಿನಲ್ಲಿ ಅದ್ದಿ ನಾಲ್ಕೈದು ಪದರ ಹಚ್ಚಿ, ಚೆನ್ನಾಗಿ ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಿ. ಮುಂದಿನ ಚಕ್ರಗಳ ಅಚ್ಚಿಗೆ ಸೈಕಲ್ ಕಡ್ಡಿ ಸಾಕು. ಹಿಂದಿನ ಚಕ್ರ ಮಾತ್ರ ಎತ್ತ ಬೇಕಾದರೂ ಸಲೀಸಾಗಿ ತಿರುಗುವಂತಿರಲಿ.

ಈಗ ನಿಜವಾದ ಪ್ರಯೋಗ. ನಯವಾದ ಹಲಗೆಯನ್ನು ಸ್ವಲ್ಪ ಓರೆಯಾಗಿಟ್ಟು ಮಾದರಿಯನ್ನು ಮುಮ್ಮುಖವಾಗಿ ಬಿಡಿ. ತುಸು ಅಲುಗಾಡಿದರೂ ಬಾಲ ಪಕ್ಕಕ್ಕೆ ಹೊರಳಿ, ಕಾರು ತಿರುಗಿಬಿಡುತ್ತದೆ. ಹಿಮ್ಮುಖವಾಗಿ ಬಿಟ್ಟರೆ ಹೆಚ್ಚುಕಡಿಮೆ ನೇರವಾಗಿ ಇಳಿಯುತ್ತದೆ! ಕಾರಣ ಸರಳ. ಅಡ್ಡಕ್ಕೆ ಜಾರದ ಜೋಡಿ ಚಕ್ರಗಳು ಗುರುತ್ವ ಕೇಂದ್ರದ ಹಿಂದಿದ್ದರೆ ಬಾಣದ ಗರಿಯಂತೆ ದಿಕ್ಕು ಕಾಯುತ್ತವೆ. ಮುಂದಿದ್ದರೆ ಬಾಲವೇ ಮುಂದೋಡಲು ನೋಡುತ್ತದೆ. ನಿಜವಾದ ಕಾರಿನಲ್ಲಿ ಚಾಲಕ ಹಿಂದಿನ ಚಕ್ರವನ್ನು ಹಿಡಿತದಲ್ಲಿಡುತ್ತಿದ್ದ. ಆದರೂ ವೇಗದಲ್ಲಿ, ಅಡ್ಡಗಾಳಿಯಲ್ಲಿ ಅದನ್ನು ಸಂಭಾಳಿಸುವುದು ಕಷ್ಟವಾಗಿತ್ತು.

1933ರ ಅಕ್ಟೋಬರ್‌ನಲ್ಲಿ ಚಿಕಾಗೋ ಜಾಗತಿಕ ಮೇಳದ ಬಳಿ ಮೊದಲ ಕಾರು ಉರುಳಿ ಚಾಲಕ ಸಾವಿಗೀಡಾದ. ಇನ್ನೊಂದು ಕಾರಿನ ಡಿಕ್ಕಿ ಇದಕ್ಕೆ ಕಾರಣವೆಂದು ಆಮೇಲೆ ತಿಳಿದರೂ ಡೈಮ್ಯಾಕ್ಸಿಯನ್ ಮೇಲಿನ ನಂಬಿಕೆ ಕುಸಿಯಿತು. ಅದು ಕಾರ್ಖಾನೆಯಲ್ಲಿ ಸಾಲುಸಾಲಾಗಿ ತಯಾರಾಗುವ ಕಾಲ ಬರಲೇ ಇಲ್ಲ. ಗಾಳಿಯನ್ನು ಸೀಳುವ ಆಕಾರ ಎಷ್ಟೇ ಚೆಂದವಿರಲಿ, ರಸ್ತೆಯ ಮೇಲೆ ಹಿಡಿತವಿಲ್ಲದಿದ್ದರೆ ಬೆಲೆ ತೆರುವುದು ಮನುಷ್ಯನ ಪ್ರಾಣ.

ಪೋಷಕರಲ್ಲಿ ಒಂದು ಮಾತು. ವಿಜ್ಞಾನ ಪ್ರದರ್ಶನದ ಹಿಂದಿನ ದಿನ ಅಂಗಡಿಯಿಂದ ಸಿದ್ಧ ಮಾದರಿ ತಂದುಕೊಡುವುದು ಸುಲಭ. ಬಹುಮಾನವೂ ಬರಬಹುದು. ಆದರೆ ಬಾಲ ಏಕೆ ಹೊರಳಿತು ಎಂದು ತೀರ್ಪುಗಾರರು ಕೇಳಿದರೆ ಉತ್ತರ ಅಂಗಡಿಯಲ್ಲಿ ಸಿಗುವುದಿಲ್ಲ. ಎರಡು ಭಾನುವಾರ ಮನೆಯ ಜಗಲಿ ಅಂಟು, ರಟ್ಟುಗಳಿಂದ ಕೊಳೆಯಾಗಲಿ, ಬಿಡಿ. ಆ ಉತ್ತರ ಮಗುವಿನ ಕೈಗೇ ಸಿಕ್ಕಿರುತ್ತದೆ.