ಹರಾಜಿಲ್ಲದ ಫೈನಲ್

ಹೂವಿನಹಡಗಲಿಯ ವೀಕ್ಷಕರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. "ಸರ್, ಕೊಡಗಿನಾಗ ಒಂದು ಮನೆತನ ಇನ್ನೊಂದು ಮನೆತನದ ಜೋಡಿ ಹಾಕಿ ಆಡಿದ್ರ ಅದಕ್ಯಾಕ್ರೀ ಅಷ್ಟು ಗದ್ದಲ? ಅದರಿಂದ ನಮಗೇನು?" ಒಳ್ಳೆ ಪ್ರಶ್ನೆ. ಇವತ್ತು ಇದನ್ನೇ ಬಿಡಿಸಿ ನೋಡೋಣ.

ಮೊದಲು ಲೆಕ್ಕ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದಾಗ ಬಂದಿದ್ದು 60 ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ 360. ಮರುವರ್ಷ ಮಡಿಕೇರಿಯಲ್ಲಿ ಮುದ್ದಂಡ ಕುಟುಂಬ ನಡೆಸಿದ 25ನೇ ಹಬ್ಬಕ್ಕೆ 396. ಸೋತವರು ಮನೆಗೆ, ಎರಡನೇ ಅವಕಾಶ ಇಲ್ಲ. ಒಂದು ತಿಂಗಳು ಆಟ ನಡೆದು ಕೊನೇ ದಿನ ಮೈದಾನಕ್ಕೆ ಇಳಿಯೋದು ಎರಡೇ ಹೆಸರು. ಉಳಿದ 394 ಹೆಸರು ಸೋತಿರುತ್ತವೆ. ಆದರೂ ಮೈದಾನ ತುಂಬುತ್ತೆ. ಯಾಕೆ?

ನಮ್ಮ ಐಪಿಎಲ್ ನೋಡಿ. ಇವತ್ತು ಬೆಂಗಳೂರಿಗೆ ಆಡಿದವನು ಮುಂದಿನ ವರ್ಷ ಮುಂಬೈಗೆ ಆಡಬಹುದು. ಹರಾಜು ಕೂಗಿದವರದ್ದು ಆಟಗಾರ. ಇಲ್ಲಿ ಆ ಮಾತೇ ಇಲ್ಲ. ಎಷ್ಟೇ ಕೋಟಿ ಇದ್ರೂ ಪಕ್ಕದ ಮನೆತನದ ಹುಡುಗನನ್ನ ಕೊಂಡು ತರೋಕಾಗಲ್ಲ. ಹುಟ್ಟಿದ ಒಕ್ಕ ಯಾವುದೋ ಅದೇ ತಂಡ. ಭಾರತಕ್ಕೆ ಆಡಿದವನೂ, ಶಾಲೆ ಹುಡುಗನೂ, ತಲೆ ನರೆತ ದೊಡ್ಡಪ್ಪನೂ ಒಂದೇ ಜೆರ್ಸಿಯಲ್ಲಿ ಇಳೀತಾರೆ. ಹೆಣ್ಣುಮಕ್ಕಳೂ ಅದೇ ತಂಡದಲ್ಲಿ ಆಡ್ತಾರೆ. ಮದುವೆಯಾದವಳು ತವರಿಗೂ ಆಡಬಹುದು, ಗಂಡನ ಮನೆಗೂ ಆಡಬಹುದು. ಈಗ ಯೋಚನೆ ಮಾಡಿ, ಫೈನಲ್‌ನಲ್ಲಿ ತವರು ಮತ್ತು ಗಂಡನ ಮನೆ ಎದುರುಬದುರಾದ್ರೆ ಆ ವಾರ ಆ ಮನೆಯ ಊಟದ ಹೊತ್ತು ಹೇಗಿರುತ್ತೆ? ಸೋತ ಮನೆಗಳೂ ಅಷ್ಟೆ. ಯಾರೋ ಅಳಿಯ, ಯಾರೋ ಸೋದರಮಾವ ಫೈನಲ್‌ನಲ್ಲಿ ಇದ್ದೇ ಇರ್ತಾನೆ.

ಇಂಥ ಆಟ ಐರ್ಲೆಂಡಿನಲ್ಲೂ ಇದೆ, ಹೆಸರು ಹರ್ಲಿಂಗ್. ಅದೂ ಕೋಲು ಚೆಂಡಿನ ಆಟ. ಅಲ್ಲಿ ಮನೆತನದ ಜಾಗದಲ್ಲಿ ಕೌಂಟಿ, ಅಂದ್ರೆ ನಮ್ಮ ಜಿಲ್ಲೆ ಇದ್ದಹಾಗೆ. ಡಬ್ಲಿನ್‌ನ ಕ್ರೋಕ್ ಪಾರ್ಕ್‌ನಲ್ಲಿ 80 ಸಾವಿರಕ್ಕೂ ಹೆಚ್ಚು ಜನರ ಮುಂದೆ ಫೈನಲ್ ಆಡುವವರಿಗೆ ಸಂಬಳವಿಲ್ಲ. ಸೋಮವಾರ ಮತ್ತೆ ಶಾಲೆಗೋ, ಹೊಲಕ್ಕೋ ಹೋಗಬೇಕು.

ಹಡಗಲಿಯವರಿಗೆ ಈ ಕಾತರ ಹೊಸದೇನಲ್ಲ. ಭರತ ಹುಣ್ಣಿಮೆ ಜಾತ್ರೆಯಲ್ಲಿ ಮೈಲಾರದ ಡೆಂಕಣಮರಡಿಗೆ ಹೋಗಿ. ಗೊರವಯ್ಯ ಬಿಲ್ಲು ಏರಿ "ಸದ್ದಲೇ" ಅಂದ ತಕ್ಷಣ ಲಕ್ಷಾಂತರ ಜನ ಉಸಿರು ಬಿಗಿಹಿಡೀತಾರೆ. ಕಾರ್ಣಿಕ ಬರೋದು ಒಂದೇ ಸಾಲು. ಆದರೆ ಆ ಸಾಲಿಗಾಗಿ ಬೆಂಗಳೂರಿಗೆ ದುಡಿಯೋಕೆ ಹೋದವರೂ ವಾಪಸ್ ಬಂದಿರ್ತಾರೆ. ಕೊಡಗಿನಲ್ಲಿ ಆ ಕೆಲಸ ಮಾಡೋದು ಹಾಕಿ. ಕೆಲಸಕ್ಕೆ ಅಂತ ಊರು ಬಿಟ್ಟವರು ಏಪ್ರಿಲ್‌ನಲ್ಲಿ ರಜೆ ಹಾಕಿ ಬರ್ತಾರೆ. ಒಕ್ಕದ ಹೆಸರು ಕೂಗಿದಾಗ ಓಡೋಕೆ ಹನ್ನೊಂದು ಜನ ಬೇಕಲ್ಲ!

ಇಲ್ಲೇ ಇರೋದು ನನ್ನ ಆತಂಕ. 2018ರ ಮಳೆ, ಭೂಕುಸಿತ, ಆಮೇಲೆ ಕೊರೊನಾ. 2019ರಿಂದ 2022ರವರೆಗೆ ಈ ಹಬ್ಬ ನಡೀಲೇ ಇಲ್ಲ. ಪ್ರತಿ ವರ್ಷ ಒಂದೊಂದು ಕುಟುಂಬ ಹೊಣೆ ಹೊತ್ತುಕೊಳ್ಳುತ್ತೆ, ಕಪ್‌ಗೆ ಆ ಕುಟುಂಬದ್ದೇ ಹೆಸರು. ತಂಡಗಳು ಹೆಚ್ಚಿದಷ್ಟೂ ಖರ್ಚೂ ಹೆಚ್ಚುತ್ತೆ. ಮುಂದಿನ ಮನೆ "ನಮ್ಮ ಕೈಲಾಗಲ್ಲ" ಅಂದ ದಿನ ಇದು ನಿಲ್ಲುತ್ತೆ. ನಿಂತರೆ ನಷ್ಟ ಕೊಡಗಿಗೆ ಮಾತ್ರವಲ್ಲ. ಎಂ.ಪಿ. ಗಣೇಶ್, 1980ರ ಮಾಸ್ಕೋ ಚಿನ್ನ ಗೆದ್ದ ತಂಡದ ಎಂ.ಎಂ. ಸೋಮಯ್ಯ ಅಂಥವರನ್ನ ದೇಶಕ್ಕೆ ಕೊಟ್ಟ ಮಣ್ಣು ಅದು.

ಆದ್ದರಿಂದ ಹಡಗಲಿಯ ಗೆಳೆಯರೇ, ಫೈನಲ್ ದಿನ ಟಿವಿ ಹಾಕಿ. ಗೋಲು ನೋಡಿ, ಜೊತೆಗೆ ಗ್ಯಾಲರಿಯನ್ನೂ ನೋಡಿ. ಸೋತು ಮನೆಗೆ ಹೋದವರೆಲ್ಲ ಅಲ್ಲಿ ವಾಪಸ್ ಬಂದು ಕೂತಿರ್ತಾರೆ. ನಿಮ್ಮ "ನಮಗೇನು" ಪ್ರಶ್ನೆಗೆ ಉತ್ತರ ಅವರೇ.