ಊರನ್ನು ಕೇಳಿ ಕಟ್ಟಿದ ಕೆರೆಗಳು

ರಾಜಸ್ಥಾನದ ಅಲ್ವರ್ ಜಿಲ್ಲೆಯಲ್ಲಿ, ಅರಾವಳಿ ಬೆಟ್ಟಗಳ ನಡುವೆ ಭೀಕಮ್‌ಪುರ ಎಂಬ ಹಳ್ಳಿಯಿದೆ. ತರುಣ ಭಾರತ ಸಂಘದ ನೆಲೆ ಅದು. ಸಂಘದ ಮುಂದಾಳು ರಾಜೇಂದ್ರ ಸಿಂಗ್ ಅವರಿಗೆ 2001ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2015ರಲ್ಲಿ ಸ್ಟಾಕ್‌ಹೋಮ್ ಜಲ ಪ್ರಶಸ್ತಿ ಬಂದವು. ನೀರಿನ ಬಗ್ಗೆ ಕಾಳಜಿ ಇರುವ ಕನ್ನಡಿಗರಿಗೂ ಅವರ ಹೆಸರು ಹೊಸದಲ್ಲ. ಆದರೆ ಸಂಘದ ಕೆಲಸವನ್ನು ಒಬ್ಬರ ಸಾಧನೆ ಎಂದಷ್ಟೇ ಓದಿದರೆ ಅರ್ಧ ಕಥೆ ಮಾತ್ರ ಸಿಗುತ್ತದೆ. ಕೆರೆಗೆ ಜಾಗ ತೋರಿಸಿದವರು, ಮಣ್ಣು ಹೊತ್ತವರು, ಕಾಡಿಗೆ ಕಟ್ಟಳೆ ಮಾಡಿ ತಾವೇ ಅದಕ್ಕೆ ತಲೆಬಾಗಿದವರು ಆ ಊರುಗಳ ಜನ.

ಎಂಬತ್ತರ ದಶಕದ ನಡುವಿಗೆ ಈ ಸೀಮೆಯ ಅಂತರ್ಜಲ ಪಾತಾಳಕ್ಕೆ ಇಳಿದಿತ್ತು. ಬೆಟ್ಟಗಳು ಬೋಳಾಗಿದ್ದವು, ಬಾವಿಗಳು ಬತ್ತಿದ್ದವು. ದುಡಿಯುವ ಗಂಡಸರು ಕೂಲಿಗೆ ಶಹರ ಸೇರಿದರೆ, ಹೆಂಗಸರ ಹಗಲೆಲ್ಲ ನೀರು ಹೊರುವುದರಲ್ಲೇ ಕಳೆಯುತ್ತಿತ್ತು. 1985ರ ಅಕ್ಟೋಬರಿನಲ್ಲಿ ರಾಜೇಂದ್ರ ಸಿಂಗ್ ಸರ್ಕಾರಿ ನೌಕರಿ ಬಿಟ್ಟು, ನಾಲ್ವರು ಗೆಳೆಯರೊಂದಿಗೆ ಇಲ್ಲಿಗೆ ಬಂದರು. ಆಯುರ್ವೇದ ಓದಿದ್ದ ಅವರಿಗೆ ಊರಿನಲ್ಲಿ ಚಿಕಿತ್ಸೆ ಕೊಡುವ, ಅಕ್ಷರ ಕಲಿಸುವ ಹಂಬಲ. ಊರಿನವರಿಗೆ ಮೊದಮೊದಲು ಇವರ ಮೇಲೆ ಗುಮಾನಿಯೇ ಇತ್ತು.

ಗೋಪಾಲಪುರ ಎಂಬ ಹಳ್ಳಿಯ ಹಿರಿಯ ಮಾಂಗು ಮೀಣಾ ಮಾತ್ರ ನೇರವಾಗಿ ಹೇಳಿದರು: ನಮಗೆ ನಿಮ್ಮ ಔಷಧಿಯೂ ಬೇಡ, ಪಾಠವೂ ಬೇಡ, ನೀರು ಬೇಕು. ಅದಕ್ಕೆ ದಾರಿಯನ್ನೂ ಅವರೇ ತೋರಿಸಿದರು. ರಾಜೇಂದ್ರ ಸಿಂಗ್ ಅವರನ್ನು ಬತ್ತಿದ ಬಾವಿಗೆ ಇಳಿಸಿ, ಒಳಗೋಡೆಯ ಬಂಡೆಯಲ್ಲಿ ಅಡ್ಡಕ್ಕೆ, ಉದ್ದಕ್ಕೆ ಓಡಿದ ಬಿರುಕುಗಳನ್ನು ನೋಡಲು ಹೇಳಿದರು. ಮಳೆನೀರು ನೆಲದೊಳಗೆ ಇಳಿಯುವ ದಾರಿ ಈ ಬಿರುಕುಗಳೇ. ಮೇಲೆ ಎಲ್ಲಿ ನೀರನ್ನು ತಡೆದು ನಿಲ್ಲಿಸಿದರೆ ಯಾವ ಬಾವಿ ತುಂಬುತ್ತದೆ ಎಂಬ ಲೆಕ್ಕ ಆ ಹಿರಿಯರ ತಲೆಯಲ್ಲಿತ್ತು. ಓದಿದವರು ಓದು ಬಾರದವರ ಬಳಿ ಪಾಠಕ್ಕೆ ಕೂತರು. ಆಮೇಲೆ ಹಾರೆ, ಗುದ್ದಲಿ ಹಿಡಿದರು.

ಜೋಹಡ್ ಎಂಬ ಮಣ್ಣಿನ ಏರಿ

ಅವರು ಮೊದಲು ಕೈಹಾಕಿದ್ದು ಹೂಳು ತುಂಬಿ ಹಾಳುಬಿದ್ದಿದ್ದ ಗೋಪಾಲಪುರದ ಹಳೆಯ ಜೋಹಡ್‌ಗೆ. ಜೋಹಡ್ ಎಂದರೆ ಇಳಿಜಾರಿನ ಕೆಳಬದಿಗೆ ಅರ್ಧಚಂದ್ರಾಕಾರದಲ್ಲಿ ಹಾಕಿದ ಮಣ್ಣಿನ ಏರಿ. ಹೆಚ್ಚಾದ ನೀರು ಹರಿದುಹೋಗಲು ನಮ್ಮ ಕೆರೆಗಳಿಗಿರುವಂಥದೇ ಕೋಡಿ ಇರುತ್ತದೆ. ಆದರೆ ಇದರ ಮುಖ್ಯ ಕೆಲಸ ಕಾಲುವೆಗೆ ನೀರು ಹಾಯಿಸುವುದಲ್ಲ, ನೆಲಕ್ಕೆ ಕುಡಿಸುವುದು. ವರ್ಷದ ಮಳೆಯ ಬಹುಪಾಲು ಮಳೆಗಾಲದ ಎರಡು ಮೂರು ತಿಂಗಳಲ್ಲೇ ಸುರಿದು ಮುಗಿಯುವ ಸೀಮೆಯಿದು. ತೆರೆದ ಕೆರೆಯಲ್ಲಿ ನಿಂತ ನೀರನ್ನು ಬಿಸಿಲು ಹೀರುತ್ತದೆ, ನೆಲದೊಳಗೆ ಇಳಿದದ್ದು ಬೇಸಿಗೆಗೆ ಬಾವಿಯಲ್ಲಿ ಸಿಗುತ್ತದೆ. ನೀರು ಇಂಗಿದ ಮೇಲೆ ಅಂಗಳದ ತೇವದಲ್ಲಿ ಬೆಳೆಯನ್ನೂ ತೆಗೆಯುತ್ತಾರೆ.

ಬಾವಿಗಳಲ್ಲಿ ನೀರು ಕಂಡಾಗ ಅಕ್ಕಪಕ್ಕದ ಹಳ್ಳಿಗಳಿಂದ ಕರೆ ಬಂತು. ಸಂಘ ಒಂದು ಪದ್ಧತಿ ಹಾಕಿಕೊಂಡಿತು: ಊರು ಕರೆಯದೆ ಹೋಗುವುದಿಲ್ಲ, ಗ್ರಾಮಸಭೆ ಕೂರದೆ ಕೆಲಸ ಶುರುವಿಲ್ಲ. ಜಾಗ ಎಲ್ಲಿ, ಏರಿ ಎಷ್ಟೆತ್ತರ ಎಂಬುದನ್ನು ಊರೇ ತೀರ್ಮಾನಿಸಬೇಕು, ಶ್ರಮದಾನದ ಪಾಲನ್ನೂ ಕೊಡಬೇಕು. ಬೆವರು ಸುರಿಸಿ ಕಟ್ಟಿದ ಏರಿ ಒಡೆದರೆ ಜನ ಅರ್ಜಿ ಹಿಡಿದು ಕಚೇರಿಗೆ ಹೋಗದೆ ತಾವೇ ಮಣ್ಣು ಹಾಕುತ್ತಾರೆ. ಸಂಘದ ಲೆಕ್ಕದಂತೆ ಹೀಗೆ ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ 8,600ಕ್ಕೂ ಹೆಚ್ಚು ಜೋಹಡ್ ಮತ್ತು ಇತರ ಜಲರಚನೆಗಳು ಎದ್ದವು.

ಬೆಟ್ಟ ಉಳಿಯದೆ ನೀರಿಲ್ಲ

ತಲೆಯ ಮೇಲಿನ ಬೆಟ್ಟ ಬೋಳಾಗಿದ್ದರೆ ಮೊದಲ ಜಡಿಮಳೆಗೇ ಜೋಹಡ್ ಹೂಳು ತುಂಬಿಕೊಳ್ಳುತ್ತದೆ. ಹಾಗಾಗಿ ನೀರಿನ ಕೆಲಸ ತಾನಾಗಿಯೇ ಕಾಡಿನ ಕೆಲಸವಾಯಿತು. ಕೊಡಗಿನ ದೇವರಕಾಡುಗಳ ಹಾಗೆ ಅಲ್ಲಿಯೂ ‘ದೇವಬನಿ’ಗಳಿದ್ದವು. ಮರೆತುಹೋಗಿದ್ದ ಅವುಗಳ ಕಟ್ಟಳೆಗಳಿಗೆ ಜನ ಮತ್ತೆ ಜೀವ ಕೊಟ್ಟರು. ಹೆಂಗಸರು ಮರಗಳಿಗೆ ರಾಖಿ ಕಟ್ಟಿದರು. ಭಾಂವತಾ-ಕೋಲ್ಯಾಲಾ ಹಳ್ಳಿಗಳ ಜನ ಹಸಿ ಮರಕ್ಕೆ ಕೊಡಲಿ ಹಾಕಿದವರಿಗೆ ದಂಡ ವಿಧಿಸಿದರು. ಅಷ್ಟೇ ಅಲ್ಲ, ಕಡಿಯುವುದನ್ನು ಕಂಡೂ ಸುಮ್ಮನಿದ್ದವರಿಗೂ ದಂಡವಿತ್ತು. ಕಾವಲುಗಾರನ ಸಂಬಳವಿಲ್ಲದೆ ಊರೆಲ್ಲ ಕಾವಲಿಗೆ ನಿಂತದ್ದು ಈ ಎರಡನೆಯ ಕಟ್ಟಳೆಯಿಂದ. 1995ರಲ್ಲಿ ಅವರು ತಮ್ಮ ಕಾಡನ್ನು ಭೈರವ ದೇವರ ಹೆಸರಿನಲ್ಲಿ ಜನರ ಅಭಯಾರಣ್ಯ ಎಂದು ಸಾರಿದರು. 2000ದಲ್ಲಿ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಆ ಜನರನ್ನು ಗೌರವಿಸಲು ಅಲ್ವರ್ ಜಿಲ್ಲೆಗೇ ಬಂದರು.

ಕಠಿಣ ಹೋರಾಟ ನಡೆದದ್ದು ಸರಿಸ್ಕಾ ಹುಲಿ ಸಂರಕ್ಷಿತ ಪ್ರದೇಶದ ಗಣಿಗಳ ವಿರುದ್ಧ. ಅಮೃತಶಿಲೆ ಗಣಿಗಳ ಆಳದ ಗುಂಡಿಗಳು ಸುತ್ತಲಿನ ನೀರನ್ನೆಲ್ಲ ಎಳೆದುಕೊಳ್ಳುತ್ತಿದ್ದವು. ಸಂಘ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಹಲ್ಲೆ, ಬೆದರಿಕೆಗಳ ನಡುವೆಯೂ ಕಾರ್ಯಕರ್ತರು ಹಿಂದೆ ಸರಿಯಲಿಲ್ಲ. ಕೋರ್ಟು ಸಂರಕ್ಷಿತ ಪ್ರದೇಶದೊಳಗಿನ ಗಣಿಗಾರಿಕೆಯನ್ನು ತಡೆಯಿತು. ಇಂದಿಗೂ ಅರಣ್ಯ ಮೊಕದ್ದಮೆಗಳಲ್ಲಿ ಸಂಘದ ಹೆಸರಿನ ಆ ತೀರ್ಪನ್ನು ವಕೀಲರು ಉಲ್ಲೇಖಿಸುತ್ತಾರೆ.

ನದಿಗೊಂದು ಸಂಸತ್ತು

ಮಳೆಗಾಲ ಮುಗಿದರೆ ಬತ್ತುತ್ತಿದ್ದ ಈ ಸೀಮೆಯ ಅರ್ವರಿ ನದಿ ತೊಂಬತ್ತರ ದಶಕದ ನಡುವಿಗೆ ವರ್ಷವಿಡೀ ಹರಿಯತೊಡಗಿತು. ಜಲಾನಯನದ ಉದ್ದಕ್ಕೂ ಕಟ್ಟಿದ ನೂರಾರು ಜೋಹಡ್‌ಗಳು ಇಂಗಿಸಿದ ನೀರು ಅದು. ನೀರಿನ ಜೊತೆ ಮೀನು ಬಂತು, ಮೀನಿನ ಹಿಂದೆಯೇ ಸರ್ಕಾರದಿಂದ ಗುತ್ತಿಗೆ ಪಡೆದ ಗುತ್ತಿಗೆದಾರನೂ ಬಂದ. ನದಿಯ ದಂಡೆಯ ಹಮೀರ್‌ಪುರ ಹಳ್ಳಿಯ ಜನ ಅಡ್ಡ ನಿಂತರು, ಗುತ್ತಿಗೆ ರದ್ದಾಯಿತು. ನದಿಯನ್ನು ಬದುಕಿಸಿದವರಿಗೆ ಅದರ ಮೇಲೆ ಹಕ್ಕೇನು ಎಂಬ ಪ್ರಶ್ನೆ ಮಾತ್ರ ಉಳಿಯಿತು.

1999ರಲ್ಲಿ ಹಮೀರ್‌ಪುರದಲ್ಲಿ ಕೂಡಿದ ಅರ್ವರಿ ಸಂಸತ್ತು ಜನರೇ ಕೊಟ್ಟ ಉತ್ತರ. ಸುಮಾರು 70 ಹಳ್ಳಿಗಳ ಪ್ರತಿನಿಧಿಗಳು ವರ್ಷಕ್ಕೆರಡು ಬಾರಿ ಸೇರಿ, ಕಬ್ಬು, ಭತ್ತದಂಥ ನೀರು ಕುಡಿಯುವ ಬೆಳೆ ಬೇಡ, ನದಿಯಿಂದ ಮನಬಂದಂತೆ ಪಂಪು ಹಚ್ಚುವುದು ಬೇಡ ಎಂದು ಕಟ್ಟಳೆ ಹಾಕಿಕೊಂಡರು. ಈ ಸಂಸತ್ತಿಗೆ ಕಾನೂನಿನ ಬಲವಿಲ್ಲ. ಅದಕ್ಕಿರುವುದು ಒಬ್ಬರನ್ನೊಬ್ಬರು ಬಲ್ಲ ಜನರ ಮಾತಿನ ಬಲ. ಮಳೆ ಸತತವಾಗಿ ಕೈಕೊಟ್ಟಾಗ ಅರ್ವರಿಯ ಹರಿವು ನಿಂತದ್ದೂ ಉಂಟು. ಕಟ್ಟೆಗಳು ಬಂದ ಮಳೆಯನ್ನು ಹಿಡಿದಾವು, ಬಾರದ ಮಳೆಯನ್ನು ತಂದಾವೆ? ಬರಗಾಲದಲ್ಲಿ ಇರುವ ನೀರು ಎಲ್ಲರಿಗೂ ಒದಗಬೇಕಾದರೆ ಹಂಚಿಕೊಳ್ಳುವ ಕಟ್ಟಳೆ ಬೇಕೇ ಬೇಕು.

ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಹೂಳೆತ್ತಲು ಯೋಜನೆಗಳು ಬರುತ್ತವೆ, ಜೆಸಿಬಿಗಳೂ ಬರುತ್ತವೆ. ಕೆಲಸಕ್ಕೆ ಮುಂಚೆ ಊರಿನ ಹಿರಿಯರನ್ನು ಕೇಳುವ, ಕೆಲಸದಲ್ಲಿ ಊರಿನ ಪಾಲು ಪಡೆಯುವ, ಮುಗಿದ ಮೇಲೆ ನೀರು, ಕಾಡುಗಳ ಉಸ್ತುವಾರಿಯನ್ನು ಊರಿಗೇ ಒಪ್ಪಿಸುವ ರೂಢಿ ಜೊತೆಗೆ ಬರಬೇಕು. ಗೋಪಾಲಪುರದಿಂದ ನಾವು ಮೊದಲು ಕಲಿಯಬೇಕಾದದ್ದು ಇದನ್ನೇ. ಕೆರೆಯ ಅಚ್ಚುಕಟ್ಟಿನ ರೈತರು ಈ ಬೇಸಿಗೆಯಲ್ಲಿ ಒಂದು ಸಂಜೆ ಏರಿಯ ಮೇಲೆ ಸೇರಿ ಮಾತಾಡಿದರೆ ಅದು ಶುರುವಾದಂತೆಯೇ.